ಕನ್ನಂಬಾಡಿಗೆ ಮೊದಲು: ಸರ್ ಎಂ. ವಿಶ್ವೇಶ್ವರಯ್ಯನವರ ಆರಂಭದ ಸಾಧನೆಗಳು

ಬದನವಾಳಿನಿಂದ ಮೈಸೂರಿಗೆ ಹೋಗಿ ಬರುವ ನಮ್ಮ ಜನರೆಲ್ಲರೂ ನಂಜನಗೂಡಿನ ಬಳಿ ಕಪಿಲಾ ನದಿಗೆ ಅಡ್ಡಲಾಗಿ ನಿಂತಿರುವ ಹಳೆಯ ಸೇತುವೆಯನ್ನು ಕಂಡಿದ್ದಾರೆ. 1735ರಲ್ಲಿ ಮೈಸೂರಿನ ದಳವಾಯಿಗಳ ಕಾಲದಲ್ಲಿ ನಿರ್ಮಾಣವಾದ ಆ ಸೇತುವೆಯ ಕಮಾನುಗಳನ್ನು ಕಟ್ಟಿದ ಕುಶಲಕರ್ಮಿಗಳ ಹೆಸರು ನಮಗೆ ಉಳಿದು ಬಂದಿಲ್ಲ. ಕಟ್ಟಿಸಿದವರ ಹೆಸರು ಉಳಿಯುವುದು, ಕಟ್ಟಿದವರ ಹೆಸರು ಅಳಿಯುವುದು ಲೋಕರೂಢಿಯೇ ಆಗಿದೆ. ಈ ರೂಢಿಗೆ ಅಪವಾದವಾಗಿ, ಕಟ್ಟಿದವರೇ ಮನೆಮಾತಾಗಿ ಉಳಿದ ಮಹನೀಯರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಮೈಸೂರು ಸೀಮೆಯಲ್ಲಿ ಇಂಜಿನಿಯರ್ ಎಂಬ ಶಬ್ದವನ್ನು ಉಚ್ಚರಿಸಿದೊಡನೆ ಅವರ ಪೇಟವೂ ಉದ್ದನೆಯ ಕೋಟೂ ಕಣ್ಣ ಮುಂದೆ ಬಂದು ನಿಲ್ಲುವುವು.

ಕನ್ನಂಬಾಡಿಯ ಕಟ್ಟೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಮೈಸೂರು ವಿಶ್ವವಿದ್ಯಾನಿಲಯ, ಮೈಸೂರು ಬ್ಯಾಂಕು ಮುಂತಾದವುಗಳನ್ನು ನಮ್ಮವರು ಭಕ್ತಿಯಿಂದ ನೆನೆಯುತ್ತಾರೆ. ಅದು ಯುಕ್ತವೇ ಸರಿ. ಆದರೆ ಅವರು ಮೈಸೂರಿನ ಸೇವೆಗೆ ಬಂದುದು 1909ರ ನವೆಂಬರಿನಲ್ಲಿ. ಆಗ ಅವರ ವಯಸ್ಸು ಐವತ್ತರ ಸಮೀಪದಲ್ಲಿತ್ತು. ಅದಕ್ಕೆ ಮೊದಲು ಇಪ್ಪತ್ತನಾಲ್ಕು ವರ್ಷಗಳ ಕಾಲ ಅವರು ಬೊಂಬಾಯಿ ಪ್ರಾಂತದ ಹಳ್ಳ ಹೊಳೆಗಳ ದಡದಲ್ಲಿ, ಬರಡು ಬಯಲುಗಳಲ್ಲಿ, ಸಣ್ಣ ಪುರಸಭೆಗಳ ನೀರಿನ ಕೆಲಸಗಳಲ್ಲಿ ದುಡಿದಿದ್ದರು. ಆ ಭಾಗ ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಕನ್ನಂಬಾಡಿಯಲ್ಲಿ ನಾವು ನೋಡುವ ಬಹುಪಾಲು ಅಂಶಗಳು ಆ ಸಣ್ಣ ಕೆಲಸಗಳಲ್ಲಿ ಮೊದಲೇ ಪರೀಕ್ಷೆಗೆ ಒಳಗಾಗಿದ್ದುವೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ. ಅವರ ವಿಷಯವಾಗಿ ಜನರ ಬಾಯಲ್ಲಿ ಅನೇಕ ಕಥೆಗಳಿವೆ. ಅವುಗಳನ್ನು ಬದಿಗಿಟ್ಟು, ಮಾಡಿದ ಕೆಲಸಗಳನ್ನಷ್ಟೇ ಇಲ್ಲಿ ಹೇಳಲಾಗಿದೆ.

ವಿಶ್ವೇಶ್ವರಯ್ಯನವರ ಪೂರ್ವಿಕರು ಆಂಧ್ರದ ಮೋಕ್ಷಗುಂಡಂ ಎಂಬ ಊರಿನವರು. ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ವಿದ್ಯೆಯಿದ್ದರೂ ಐಶ್ವರ್ಯವಿಲ್ಲದ ಮನೆತನ. ಹದಿಹರೆಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕನು ಬೆಂಗಳೂರಿನಲ್ಲಿದ್ದ ಸೋದರಮಾವನ ಆಶ್ರಯದಲ್ಲಿ ವಿದ್ಯಾಭ್ಯಾಸವನ್ನು ಮುಂದುವರಿಸಿದನು. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಪರರ ಮನೆಯ ಮಕ್ಕಳಿಗೆ ಪಾಠ ಹೇಳಿ ತನ್ನ ಖರ್ಚನ್ನು ತಾನೇ ನಿಭಾಯಿಸಬೇಕಾಯಿತು. ಬಿ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾದ ಬಳಿಕ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತು, ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ವ್ಯಾಸಂಗಕ್ಕೆ ಅವಕಾಶವಾಯಿತು. 1883ರಲ್ಲಿ ನಡೆದ ಅಂತಿಮ ಪರೀಕ್ಷೆಯಲ್ಲಿ ಅವರು ಬೊಂಬಾಯಿ ಪ್ರಾಂತಕ್ಕೇ ಮೊದಲಿಗರಾಗಿ ಬಂದು ಜೇಮ್ಸ್ ಬರ್ಕ್ಲಿ ಬಹುಮಾನವನ್ನು ಗಳಿಸಿದರು. 1884ರಲ್ಲಿ ಆ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಹುದ್ದೆ ದೊರೆಯಿತು.

ಅವರ ಆರಂಭದ ಕಾರ್ಯಕ್ಷೇತ್ರ ನಾಸಿಕ ಮತ್ತು ಖಾನದೇಶ ಜಿಲ್ಲೆಗಳು. ಖಾನದೇಶದ ಧುಳೆ ಪಟ್ಟಣದ ಸೀಮೆಯಲ್ಲಿ ಪಾಂಝರಾ ಎಂಬ ನದಿಯಿದೆ. ಆ ನದಿಯ ಕವಲೊಂದಕ್ಕೆ ಅಡ್ಡಲಾಗಿ ಕೊಳವೆಯ ಸೈಫನ್ ಒಂದನ್ನು ನಿರ್ಮಿಸುವ ಹೊಣೆ ತರುಣ ಇಂಜಿನಿಯರರ ಪಾಲಿಗೆ ಬಂದಿತು. ನಾಲೆಯ ನೀರು ಹಳ್ಳವನ್ನು ದಾಟಬೇಕಾದರೆ ಎರಡು ಮಾರ್ಗಗಳುಂಟು. ಹಳ್ಳದ ಮೇಲೆ ಕಂಬಗಳನ್ನು ನಿಲ್ಲಿಸಿ ಮೇಲ್ಗಾಲುವೆಯನ್ನು ಕಟ್ಟುವುದು ಒಂದು. ಹಳ್ಳದ ತಳದಲ್ಲಿ ಕೊಳವೆಯನ್ನು ಹುದುಗಿಸಿ, ಒಂದು ದಡದಲ್ಲಿ ಇಳಿದ ನೀರು ತನ್ನ ಒತ್ತಡದಿಂದಲೇ ಇನ್ನೊಂದು ದಡದಲ್ಲಿ ಮೇಲೇರುವಂತೆ ಮಾಡುವುದು ಇನ್ನೊಂದು. ಈ ಎರಡನೆಯದೇ ಸೈಫನ್. ನೀರು ಹೊರಬೀಳುವ ಬಾಯಿ ಒಳಹೋಗುವ ಬಾಯಿಗಿಂತ ಸ್ವಲ್ಪವೇ ತಗ್ಗಿನಲ್ಲಿದ್ದರೆ ಸಾಕು. ಕೇಳುವುದಕ್ಕೆ ಸುಲಭವಾದ ಈ ಕೆಲಸ ಮಾಡುವಾಗ ಬಲು ಕಠಿಣ. ಮಳೆಗಾಲದಲ್ಲಿ ಹೊಳೆ ಏರಿದಾಗಲೆಲ್ಲ ತೋಡಿದ ತಗ್ಗು ಮರಳಿನಿಂದ ತುಂಬಿಹೋಗುತ್ತಿತ್ತು. ಮಳೆ ಕಳೆಯುವವರೆಗೆ ಕೆಲಸವನ್ನು ನಿಲ್ಲಿಸುವುದು ಲೇಸೆಂದು ಅವರು ಮೇಲಧಿಕಾರಿಗಳಿಗೆ ತಿಳಿಸಿದರು. ಮೇಲಧಿಕಾರಿಗಳಿಗೆ ಅದು ಒಪ್ಪಿಗೆಯಾಗಲಿಲ್ಲ. ಆಗ ಹೊಸಬರಾದ ಅವರು ವಾದವನ್ನು ಬೆಳೆಸದೆ, ಆ ಮಳೆಯ ನಡುವೆಯೇ ಕೆಲಸವನ್ನು ಪೂರೈಸಿದರು. ಒಮ್ಮೆ ಪ್ರವಾಹ ಬಂದು ದಾರಿ ಕಡಿದುಹೋದಾಗ ಈಜಿ ದಡ ಸೇರಬೇಕಾದ ಪ್ರಸಂಗವೂ ಒದಗಿತು. ತಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುವುದು, ತೀರ್ಮಾನವಾದ ಮೇಲೆ ಪೂರ್ಣ ಮನಸ್ಸಿನಿಂದ ದುಡಿಯುವುದು: ಈ ಎರಡು ಗುಣಗಳೂ ಅವರ ಸೇವೆಯ ಮೊದಲ ದಿನಗಳಲ್ಲಿಯೇ ಕಂಡುಬಂದುವು. ಧುಳೆ ಪಟ್ಟಣದ ನೀರು ಸರಬರಾಜಿನ ಕೆಲಸವನ್ನೂ ಅವರು ಈ ಅವಧಿಯಲ್ಲಿ ನಿರ್ವಹಿಸಿದರು.

ಹತ್ತು ವರ್ಷಗಳ ಅನುಭವದ ತರುವಾಯ ಅವರನ್ನು ಸಿಂಧ್ ಪ್ರಾಂತದ ಸುಕ್ಕೂರಿಗೆ ಕಳುಹಿಸಲಾಯಿತು. ಇಂದು ಪಾಕಿಸ್ತಾನಕ್ಕೆ ಸೇರಿದ ಆ ಪಟ್ಟಣ ಸಿಂಧೂ ನದಿಯ ದಡದಲ್ಲಿಯೇ ಇದ್ದರೂ ಅಲ್ಲಿನ ಜನರಿಗೆ ಶುದ್ಧವಾದ ಕುಡಿಯುವ ನೀರಿರಲಿಲ್ಲ. ನದಿಯ ನೀರು ಮಣ್ಣಿನಿಂದ ಕಲಕಿ ಕೆಂಪಾಗಿರುತ್ತಿತ್ತು. ಅದನ್ನು ಮರಳಿನ ಹಾಸುಗಳ ಮೂಲಕ ಸೋಸಿ ಕೊಡುವ ಯೋಜನೆಯೇನೋ ಸಿದ್ಧವಾಗಿತ್ತು. ಆದರೆ ಸೋಸುವ ತೊಟ್ಟಿಗಳ ವೆಚ್ಚ ಪುರಸಭೆಯ ಶಕ್ತಿಯನ್ನು ಮೀರಿತ್ತು. ಹಣವಿಲ್ಲವೆಂದು ಕಡತವನ್ನು ಕಟ್ಟಿಡುವುದು ಅಧಿಕಾರಿಗಳಿಗೆ ಸುಲಭವಾದ ಮಾರ್ಗ. ವಿಶ್ವೇಶ್ವರಯ್ಯನವರು ಹಾಗೆ ಮಾಡಲಿಲ್ಲ. ನದಿಯ ಪಾತ್ರದಲ್ಲಿ ಪ್ರಕೃತಿಯೇ ಹಾಸಿರುವ ಮರಳು ಇರುವಾಗ, ಬೇರೆ ಮರಳಿನ ತೊಟ್ಟಿಯನ್ನು ಕಟ್ಟುವ ಅಗತ್ಯವೇನೆಂದು ಅವರು ಯೋಚಿಸಿದರು. ನದಿಯ ಅಂಚಿನಲ್ಲಿ ಬಾವಿಯನ್ನು ತೋಡಿಸಿ, ಮರಳಿನ ಒಡಲಲ್ಲಿ ಇಂಗಿ ಬರುವ ತಿಳಿನೀರನ್ನು ಅದರಲ್ಲಿ ಸಂಗ್ರಹಿಸಿ, ನೆಲದೊಳಗಿನ ಮಾರ್ಗದ ಮೂಲಕ ಪಂಪುಗಳಿಗೆ ತಂದು, ಎತ್ತರದ ಜಲಾಶಯಕ್ಕೆ ಏರಿಸಿ, ಅಲ್ಲಿಂದ ಊರಿಗೆ ಹಂಚುವ ವ್ಯವಸ್ಥೆಯನ್ನು ಮಾಡಿದರು. 1895ರಲ್ಲಿ ಆ ಕೆಲಸ ಮುಗಿದು ಜನರಿಗೆ ನೀರು ದೊರೆಯಿತು. ವ್ಯಾಪಾರವನ್ನು ಬಲ್ಲ ನಮ್ಮಂಥವರಿಗೆ ಈ ಪ್ರಸಂಗ ವಿಶೇಷವಾಗಿ ಮೆಚ್ಚಿಕೆಯಾಗತಕ್ಕದ್ದು. ಗುಣವನ್ನು ಕಡಿಮೆ ಮಾಡಿ ಬೆಲೆಯನ್ನು ಇಳಿಸುವುದು ಮಿತವ್ಯಯವಲ್ಲ. ಗುಣವನ್ನು ಉಳಿಸಿಕೊಂಡೇ ವೆಚ್ಚವನ್ನು ತಗ್ಗಿಸುವುದು ನಿಜವಾದ ಮಿತವ್ಯಯ.

ಅನಂತರ ಸೂರತ್ತಿನಲ್ಲಿ ಕೆಲಕಾಲ ಕೆಲಸ ಮಾಡಿ ಅವರು ಪುಣೆಗೆ ಬಂದರು. ಆ ನಗರ ಆಗ ದೇಶದ ವಿಚಾರವಂತರ ನೆಲೆಯಾಗಿತ್ತು. ಮಹಾದೇವ ಗೋವಿಂದ ರಾನಡೆ, ಗೋಪಾಲಕೃಷ್ಣ ಗೋಖಲೆ ಮುಂತಾದ ಮಹನೀಯರ ಪರಿಚಯವೂ ಅವರಿಗೆ ಲಭಿಸಿತು. 1898ರಲ್ಲಿ ರಜೆ ಪಡೆದು ಚೀನಾ ಮತ್ತು ಜಪಾನ್ ದೇಶಗಳನ್ನು ನೋಡಿಬಂದರು. ಬಡ ದೇಶವೊಂದು ವಿದ್ಯೆ ಮತ್ತು ಕೈಗಾರಿಕೆಗಳ ಬಲದಿಂದ ಮೇಲೇರುತ್ತಿದ್ದುದನ್ನು ಜಪಾನಿನಲ್ಲಿ ಪ್ರತ್ಯಕ್ಷವಾಗಿ ಕಂಡರು. 1899ರಲ್ಲಿ ಪುಣೆಯ ನೀರಾವರಿ ವಿಭಾಗದ ಎಕ್ಸಿಕ್ಯುಟಿವ್ ಇಂಜಿನಿಯರ್ ಹುದ್ದೆ ಅವರಿಗೆ ಬಂದಿತು. ಅವರ ಹೆಸರನ್ನು ಸ್ಥಿರಪಡಿಸಿದ ಎರಡು ಕೆಲಸಗಳು ಈ ಹುದ್ದೆಯಲ್ಲಿ ನಡೆದುವು.

ಮೊದಲನೆಯದು ನೀರಿನ ಹಂಚಿಕೆಗೆ ಸಂಬಂಧಿಸಿದ್ದು. ನೀರಾ ಮತ್ತು ಮುಠಾ ನಾಲೆಗಳ ಮೇಲ್ಭಾಗದಲ್ಲಿದ್ದ ಹಳ್ಳಿಗಳ ಬಲವಂತರು ವರ್ಷವೆಲ್ಲ ಕಬ್ಬಿಗೆ ನೀರನ್ನು ಹರಿಸಿಕೊಳ್ಳುತ್ತಿದ್ದರು. ನಾಲೆಯ ಕೊನೆಯ ಹಳ್ಳಿಗಳಿಗೆ ನೀರೇ ಮುಟ್ಟುತ್ತಿರಲಿಲ್ಲ. ಮೇಲಿನ ಊರುಗಳಲ್ಲಿಯಾದರೋ ಅತಿಯಾದ ನೀರಿನಿಂದ ಭೂಮಿ ಜೌಗಾಗಿ, ಜನರ ಆರೋಗ್ಯವೂ ಕೆಡುತ್ತಿತ್ತು. ಒಂದು ಕಡೆ ಹೆಚ್ಚಾಗಿ ಹಾನಿ, ಇನ್ನೊಂದು ಕಡೆ ಇಲ್ಲದೆ ಹಾನಿ. ಇದಕ್ಕೆ ಪರಿಹಾರವಾಗಿ ಅವರು ಬ್ಲಾಕ್ ಪದ್ಧತಿ ಎಂಬ ಹೊಸ ಕ್ರಮವನ್ನು ರೂಪಿಸಿದರು. ಪ್ರತಿಯೊಂದು ಹಳ್ಳಿಯಲ್ಲಿಯೂ ನೀರಾವರಿಗೆ ತಕ್ಕ ಭೂಮಿಯನ್ನು ಗೊತ್ತಾದ ತುಂಡುಗಳಾಗಿ ಗುರುತಿಸಿ, ಆ ತುಂಡಿನ ಮೂರನೆಯ ಒಂದು ಭಾಗದಲ್ಲಿ ಮಾತ್ರ ಕಬ್ಬು, ಉಳಿದ ಭಾಗಗಳಲ್ಲಿ ಭತ್ತ ಮತ್ತು ಕಡಿಮೆ ನೀರಿನ ಬೆಳೆಗಳು ಇರುವಂತೆಯೂ, ಮೂರು ವರ್ಷಗಳಲ್ಲಿ ಈ ಬೆಳೆಗಳು ಸರದಿಯಾಗಿ ಸುತ್ತಿಬರುವಂತೆಯೂ ಏರ್ಪಾಟು ಮಾಡುವುದೇ ಆ ಪದ್ಧತಿಯ ಸಾರ. ಇದರಿಂದ ಭೂಮಿಯ ಸಾರ ಉಳಿಯುವುದು; ಅದೇ ನೀರು ಹೆಚ್ಚು ಹಳ್ಳಿಗಳಿಗೆ ಒದಗುವುದು.

ಈ ಪದ್ಧತಿಗೆ ವಿರೋಧ ಬಾರದೆ ಇರಲಿಲ್ಲ. ಕಬ್ಬಿನಿಂದ ಲಾಭ ಮಾಡಿಕೊಂಡಿದ್ದ ಬೇಸಾಯಗಾರರು ಪ್ರಬಲರಾಗಿದ್ದರು. ಪುಣೆಯ ಪತ್ರಿಕೆಗಳಲ್ಲಿಯೂ ಕಟುವಾದ ಟೀಕೆಗಳು ಬಂದುವು. ವಿಶ್ವೇಶ್ವರಯ್ಯನವರು ಅಧಿಕಾರದ ಬಲದಿಂದ ಅದನ್ನು ಹೇರಲು ಹೋಗಲಿಲ್ಲ. ರೈತರನ್ನು ಕಂಡು, ಅಂಕಿ ಅಂಶಗಳನ್ನು ಅವರ ಮುಂದಿಟ್ಟು, ತಾಳ್ಮೆಯಿಂದ ಮನವರಿಕೆ ಮಾಡಿಕೊಟ್ಟರು. ಭಾರತದ ನೀರಾವರಿಯನ್ನು ಪರಿಶೀಲಿಸಲು ಸರ್ಕಾರವು 1901ರಲ್ಲಿ ನೇಮಿಸಿದ ಆಯೋಗದ ಮುಂದೆಯೂ ಅವರು ತಮ್ಮ ಅನುಭವವನ್ನು ನಿವೇದಿಸಿದರು, ಆಯೋಗದ ಮೆಚ್ಚುಗೆಯೂ ಆ ಪದ್ಧತಿಗೆ ದೊರೆಯಿತು. ನೀರು ಇರುವವನ ಸೊತ್ತಲ್ಲ, ಸರ್ವರಿಗೂ ಸಲ್ಲಬೇಕಾದ ಭಾಗ್ಯ ಎಂಬ ಭಾವನೆ ಆ ಪದ್ಧತಿಯ ಅಡಿಗಲ್ಲಾಗಿತ್ತು ಎನ್ನಬಹುದು.

ಎರಡನೆಯ ಕೆಲಸ ಪುಣೆಯ ಸಮೀಪದ ಖಡಕ್‌ವಾಸ್ಲಾ ಅಣೆಕಟ್ಟಿನ ಸ್ವಯಂಚಾಲಿತ ಬಾಗಿಲುಗಳು. ಮುಠಾ ನದಿಗೆ ಕಟ್ಟಿದ ಆ ಕಲ್ಲಿನ ಕಟ್ಟೆ 1879ರಲ್ಲಿ ಪೂರ್ಣಗೊಂಡಿತ್ತು. ಪುಣೆ ನಗರಕ್ಕೂ ದಂಡಿನ ಪ್ರದೇಶಕ್ಕೂ ನಾಲೆಯ ಜಮೀನುಗಳಿಗೂ ನೀರು ಅಲ್ಲಿಂದಲೇ ಬರಬೇಕು. ನಗರ ಬೆಳೆದಂತೆ ನೀರು ಸಾಲದೆ ಹೋಯಿತು. ಆದರೆ ಪ್ರತಿ ಮಳೆಗಾಲದಲ್ಲಿಯೂ ಕೋಡಿಯ ಮೇಲೆ ಆರರಿಂದ ಎಂಟು ಅಡಿಗಳಷ್ಟು ಎತ್ತರಕ್ಕೆ ನೀರು ಏರಿ, ಹೊರಗೆ ಹರಿದು ವ್ಯರ್ಥವಾಗುತ್ತಿತ್ತು. ಮಳೆ ನಿಂತೊಡನೆ ಮಟ್ಟವು ಕೋಡಿಯ ಸಮಕ್ಕೆ ಇಳಿದುಬಿಡುತ್ತಿತ್ತು. ಕಟ್ಟೆಯನ್ನೇ ಎತ್ತರಿಸೋಣವೆಂದರೆ ವೆಚ್ಚ ಅಪಾರ. ಹಳೆಯ ಗೋಡೆಗೆ ಹೊಸ ಭಾರವನ್ನು ಹೊರಿಸುವುದರಲ್ಲಿ ಅಪಾಯವೂ ಉಂಟು.

ಇಲ್ಲಿ ವಿಶ್ವೇಶ್ವರಯ್ಯನವರ ಬುದ್ಧಿ ಒಂದು ಸೂಕ್ಷ್ಮವನ್ನು ಹಿಡಿಯಿತು. ಪ್ರವಾಹದ ಕಾಲದಲ್ಲಿ ನೀರು ಆ ಎತ್ತರಕ್ಕೆ ಏರಿದಾಗ ಕಟ್ಟೆ ಆ ಒತ್ತಡವನ್ನು ಪ್ರತಿ ವರ್ಷವೂ ತಾಳಿಕೊಂಡೇ ಬಂದಿತ್ತು. ಆದುದರಿಂದ ಅದೇ ಮಟ್ಟದವರೆಗೆ ನೀರನ್ನು ನಿಲ್ಲಿಸಿಕೊಂಡರೆ ಗೋಡೆಗೆ ಹೊಸ ಅಪಾಯವೇನೂ ಒದಗುವುದಿಲ್ಲ. ಆದರೆ ಕೋಡಿಯ ಮೇಲೆ ಸ್ಥಿರವಾದ ಗೋಡೆಯನ್ನು ಎಬ್ಬಿಸಿದರೆ ಮುಂದಿನ ಪ್ರವಾಹಕ್ಕೆ ಹಾದಿಯೇ ಇರುವುದಿಲ್ಲ. ಬಾಗಿಲುಗಳನ್ನಿಟ್ಟು ಆಳುಗಳಿಂದ ತೆರೆಸೋಣವೆಂದರೆ, ನಡುರಾತ್ರಿಯಲ್ಲಿ ಪ್ರವಾಹ ಬಂದಾಗ ಆಳುಗಳು ಎಚ್ಚರವಾಗಿರುವರೆಂಬ ಭರವಸೆಯೇನು? ಆದುದರಿಂದ ಮನುಷ್ಯನ ಕೈ ತಾಗದೆ, ನೀರು ಗೊತ್ತಾದ ಮಟ್ಟವನ್ನು ಮುಟ್ಟಿದೊಡನೆ ನೀರಿನ ಬಲದಿಂದಲೇ ತೆರೆದುಕೊಂಡು, ಮಟ್ಟ ಇಳಿದೊಡನೆ ತಾವಾಗಿಯೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಅವರು ರಚಿಸಿದರು. ಬಾಗಿಲಿನ ಭಾರಕ್ಕೆ ಎದುರು ಭಾರವನ್ನು ಕೊಟ್ಟು ತಕ್ಕಡಿಯಂತೆ ಸಮತೂಗಿಸಿಡುವುದು, ಹೆಚ್ಚಾದ ನೀರೇ ಆ ಸಮತೂಕವನ್ನು ಕೆಡಿಸಿ ಬಾಗಿಲನ್ನು ಚಲಿಸುವಂತೆ ಮಾಡುವುದು: ಇದೇ ಅದರ ರಹಸ್ಯ. ತಕ್ಕಡಿಯನ್ನು ದಿನವೂ ಹಿಡಿಯುವ ನಮಗೆ ಇದು ಬೇಗ ಅರ್ಥವಾಗತಕ್ಕ ವಿಷಯ.

1903ರಲ್ಲಿ ಖಡಕ್‌ವಾಸ್ಲಾದಲ್ಲಿ ಈ ಬಾಗಿಲುಗಳನ್ನು ಅಳವಡಿಸಲಾಯಿತು. ಕಟ್ಟೆಯ ಮೈಯನ್ನು ಮುಟ್ಟದೆಯೇ ಸುಮಾರು ಎಂಟು ಅಡಿ ಎತ್ತರದ ನೀರು ಹೆಚ್ಚಾಗಿ ಸಂಗ್ರಹವಾಯಿತು. ಈ ರಚನೆಗೆ ಅವರು ಪೇಟೆಂಟ್ ಪಡೆದುಕೊಂಡಿದ್ದರು. ಬಾಗಿಲುಗಳನ್ನು ಬಳಸಿದಾಗ ಅವರಿಗೆ ರಾಜಧನವನ್ನು ಕೊಡಲು ಸರ್ಕಾರ ಮುಂದಾಯಿತು. ತಾನೇ ಹೊಣೆಗಾರನಾದ ಸರ್ಕಾರಿ ಕೆಲಸದಲ್ಲಿ ತನ್ನ ಸ್ವಂತ ಲಾಭ ಬೆರೆಯಬಾರದೆಂದು ಅವರು ಅದನ್ನು ಸ್ವೀಕರಿಸಲಿಲ್ಲ. ನ್ಯಾಯವಾಗಿ ಬರತಕ್ಕದ್ದನ್ನೂ ಬೇಡವೆನ್ನುವ ಈ ನಿಲುವನ್ನು ಪರಿಗ್ರಹ ಪರಿಮಾಣದ ವ್ರತವನ್ನು ಬಲ್ಲ ಶ್ರಾವಕ ಬಂಧುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಹಳೆಯ ಕಟ್ಟೆಯ ಮುಂದಿನ ಕಥೆಯನ್ನೂ ಇಲ್ಲಿಯೇ ಹೇಳಿಬಿಡುವುದು ಉಚಿತ. 1961ರ ಜುಲೈ 12ರಂದು ಮೇಲ್ಭಾಗದಲ್ಲಿ ಹೊಸದಾಗಿ ಕಟ್ಟುತ್ತಿದ್ದ ಪಾನಶೇತ್ ಅಣೆಕಟ್ಟು ಒಡೆದು, ಆ ನೀರಿನ ರಾಶಿಯೆಲ್ಲ ಖಡಕ್‌ವಾಸ್ಲಾದ ಮೇಲೆ ನುಗ್ಗಿತು. ಎಂಬತ್ತು ವರ್ಷಗಳಿಗೂ ಮೀರಿ ಬಾಳಿದ ಕಟ್ಟೆ ಆ ಹೊಡೆತವನ್ನು ತಾಳಲಾರದೆ ಒಡೆಯಿತು. ಪುಣೆ ನಗರ ಅಪಾರ ನಷ್ಟಕ್ಕೆ ಗುರಿಯಾಯಿತು. ವಿಶ್ವೇಶ್ವರಯ್ಯನವರು ಆಗ ಇನ್ನೂ ಜೀವಂತರಾಗಿದ್ದರು. ಕಟ್ಟೆಯನ್ನು ತರುವಾಯ ಮತ್ತೆ ಕಟ್ಟಲಾಯಿತು. ಒಂದು ನದಿಯ ಮೇಲೆ ಕಟ್ಟಿದ ಯಾವ ಕಟ್ಟಡವೂ ಒಂಟಿಯಾಗಿ ಸುರಕ್ಷಿತವಲ್ಲ, ಮೇಲಿನದು ಕೆಟ್ಟರೆ ಕೆಳಗಿನದೂ ಉಳಿಯದು ಎಂಬ ಪಾಠವನ್ನು ಆ ದುರಂತ ಕಲಿಸಿತು.

1904ರ ಸುಮಾರಿಗೆ ಅವರು ಬೊಂಬಾಯಿ ಸರ್ಕಾರದ ನೈರ್ಮಲ್ಯ ಇಂಜಿನಿಯರರಾಗಿ ಅನೇಕ ಪಟ್ಟಣಗಳ ನೀರು ಮತ್ತು ಚರಂಡಿಗಳ ಯೋಜನೆಗಳನ್ನು ನೋಡಿಕೊಂಡರು. 1906ರಲ್ಲಿ ಅವರನ್ನು ಏಡನ್ ಬಂದರಿಗೆ ಕಳುಹಿಸಲಾಯಿತು. ಇಂದು ಯೆಮೆನ್ ದೇಶಕ್ಕೆ ಸೇರಿದ ಆ ಊರು ಆಗ ಬೊಂಬಾಯಿ ಸರ್ಕಾರದ ಆಡಳಿತದಲ್ಲಿತ್ತು. ವರ್ಷಕ್ಕೆ ಕೆಲವೇ ಅಂಗುಲ ಮಳೆ ಬೀಳುವ ಆ ಬರಡು ಬಂಡೆಯ ನಾಡಿನಲ್ಲಿ ಸಮುದ್ರದ ನೀರನ್ನು ಕಾಯಿಸಿ ಬಟ್ಟಿಯಿಳಿಸಿ ಕುಡಿಯಬೇಕಾಗಿತ್ತು. ಅವರು ಉತ್ತರದ ಲಾಹೇಜ್ ಸೀಮೆಯನ್ನು ಪರಿಶೀಲಿಸಿ, ಅಲ್ಲಿನ ನದಿಯ ಪಾತ್ರದಲ್ಲಿ ಬಾವಿಗಳನ್ನು ತೋಡಿ ಇಂಗಿದ ನೀರನ್ನು ಕೊಳವೆಗಳಲ್ಲಿ ತರಬಹುದೆಂದು ಸಲಹೆಯಿತ್ತರು. ಸುಕ್ಕೂರಿನಲ್ಲಿ ತುಂಬಿದ ನದಿಯ ದಡದಲ್ಲಿ ಕಲಿತ ಪಾಠ ಏಡನ್ನಿನ ಒಣ ನದಿಯಲ್ಲಿ ಹೀಗೆ ಉಪಯೋಗಕ್ಕೆ ಬಂದಿತು.

ಇಷ್ಟೆಲ್ಲ ಸಾಧಿಸಿದರೂ ಒಂದು ಅಡ್ಡಗೋಡೆ ಅವರ ಎದುರಿಗಿತ್ತು. ಹಿರಿಯರಾದ ಹಲವರನ್ನು ದಾಟಿ ಬಡ್ತಿ ಪಡೆದಿದ್ದರೂ, ಆ ಕಾಲದಲ್ಲಿ ಇಲಾಖೆಯ ಅತ್ಯುನ್ನತ ಹುದ್ದೆ ಭಾರತೀಯನಿಗೆ ದೊರೆಯುವ ಸಂಭವವಿರಲಿಲ್ಲ. ಅಸಮಾಧಾನವನ್ನು ಹೊತ್ತು ಕುಳಿತಿರುವುದಕ್ಕಿಂತ ಹೊರಟುಹೋಗುವುದೇ ಮೇಲೆಂದು ಅವರು 1908ರಲ್ಲಿ ಸ್ವ ಇಚ್ಛೆಯಿಂದ ನಿವೃತ್ತರಾಗಿ ವಿದೇಶ ಪ್ರವಾಸಕ್ಕೆ ತೆರಳಿದರು. ಆ ವರ್ಷದ ಸೆಪ್ಟೆಂಬರ್ 28ರಂದು ಹೈದರಾಬಾದಿನ ಮೂಸಿ ನದಿಗೆ ಭೀಕರವಾದ ಪ್ರವಾಹ ಬಂದು ಸಾವಿರಾರು ಜನ ಮಡಿದರು. ನಿಜಾಮ್ ಸರ್ಕಾರದ ಕರೆ ವಿದೇಶದಲ್ಲಿದ್ದ ಅವರನ್ನು ಮುಟ್ಟಿತು. ಪ್ರವಾಸವನ್ನು ಪೂರೈಸಿಕೊಂಡು 1909ರಲ್ಲಿ ಹೈದರಾಬಾದಿಗೆ ಬಂದ ಅವರು, ನದಿಯ ಜಲಾನಯನ ಪ್ರದೇಶವನ್ನೆಲ್ಲ ಪರಿಶೀಲಿಸಿದರು. ಮೇಲಿನ ಸೀಮೆಯಲ್ಲಿದ್ದ ನೂರಾರು ಕೆರೆಗಳಲ್ಲಿ ಅನೇಕವು ಒಂದರ ಹಿಂದೊಂದು ಒಡೆದುದರಿಂದ ಪ್ರವಾಹ ಇಮ್ಮಡಿಸಿತ್ತು. ನಗರದ ಬಳಿ ಗೋಡೆ ಕಟ್ಟಿದರಷ್ಟೇ ಸಾಲದು, ಮೇಲ್ಭಾಗದಲ್ಲಿ ಮೂಸಿಗೂ ಅದರ ಉಪನದಿ ಈಸಿಗೂ ಒಂದೊಂದು ಜಲಾಶಯವನ್ನು ಕಟ್ಟಿ ಪ್ರವಾಹವನ್ನು ತಡೆದಿಡಬೇಕೆಂಬುದು ಅವರ ಸಲಹೆ. ಆ ಸಲಹೆಯ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಪೂರ್ಣಗೊಂಡುವು. ನಗರವನ್ನು ಮುಳುಗಿಸಿದ ನೀರೇ ನಗರಕ್ಕೆ ಕುಡಿಯುವ ನೀರಾಯಿತು.

1909ರ ನವೆಂಬರಿನಲ್ಲಿ ಮೈಸೂರಿನ ಚೀಫ್ ಇಂಜಿನಿಯರರಾಗಿ ಬಂದಾಗ ಅವರ ಕೈಯಲ್ಲಿ ಈ ಇಡೀ ಅನುಭವದ ಬುತ್ತಿಯಿತ್ತು. ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ತು ತಯಾರಾಗಿ ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿತ್ತು. ಆದರೆ ಬೇಸಗೆಯಲ್ಲಿ ಕಾವೇರಿ ಬಡವಾದಾಗ ವಿದ್ಯುತ್ತಿಗೂ ಕೊರತೆ. ಮಂಡ್ಯದ ಬಯಲಿನ ಖುಷ್ಕಿ ಜಮೀನುಗಳಿಗೆ ನೀರೇ ಇಲ್ಲ. ಕನ್ನಂಬಾಡಿಯಲ್ಲಿ ಒಂದೇ ಕಟ್ಟೆಯಿಂದ ಈ ಎರಡು ಕೊರತೆಗಳನ್ನೂ ನೀಗಿಸುವ ಯೋಜನೆಯನ್ನು ಅವರು ಮುಂದಿಟ್ಟರು. ವೆಚ್ಚವನ್ನು ಕಂಡು ಸರ್ಕಾರದಲ್ಲಿಯೇ ಹಲವರು ಹಿಂಜರಿದರು. ಲೆಕ್ಕಪತ್ರಗಳನ್ನೆಲ್ಲ ಪರಿಶೀಲಿಸಿದ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರು 1911ರಲ್ಲಿ ಮಂಜೂರಾತಿ ನೀಡಿದರು. ಆ ವರ್ಷದ ನವೆಂಬರಿನಲ್ಲಿ ಕೆಲಸ ಆರಂಭವಾಯಿತು. ಮದರಾಸು ಸರ್ಕಾರದ ತಕರಾರಿನಿಂದಾಗಿ ಮೊದಲು ತಗ್ಗಾದ ಕಟ್ಟೆಗೆ ಮಾತ್ರ ಸಮ್ಮತಿ ದೊರೆತಿತ್ತು. ಆದರೂ ಮುಂದಿನ ಪೂರ್ಣ ಎತ್ತರವನ್ನು ಹೊರಬಲ್ಲ ಅಸ್ತಿಭಾರವನ್ನೇ ಹಾಕಿಸಿದುದು ಅವರ ದೂರದೃಷ್ಟಿ. ಸುರ್ಕಿ ಗಾರೆಯಿಂದ ಕಟ್ಟಿದ ಆ ಕಟ್ಟೆ 130 ಅಡಿ ಎತ್ತರವೂ ಸುಮಾರು 8,600 ಅಡಿ ಉದ್ದವೂ ಆಗಿ ಮುಗಿಯಲು ಎರಡು ದಶಕಗಳೇ ಹಿಡಿದುವು. ಅದಕ್ಕಾಗಿ ಹಳೆಯ ಕನ್ನಂಬಾಡಿಯೂ ಇತರ ಹಳ್ಳಿಗಳೂ ನೀರಿನಲ್ಲಿ ಮುಳುಗಿ, ಜನರು ಹಿರಿಯರ ನೆಲವನ್ನು ಬಿಟ್ಟು ಹೋಗಬೇಕಾಯಿತೆಂಬುದನ್ನೂ ನಾವು ಮರೆಯಬಾರದು.

ಖಡಕ್‌ವಾಸ್ಲಾದ ಸ್ವಯಂಚಾಲಿತ ಬಾಗಿಲುಗಳು ಕನ್ನಂಬಾಡಿಯಲ್ಲಿ ಮತ್ತೆ ಕಾಣಿಸಿಕೊಂಡುವು. ನೀರಾ ನಾಲೆಯ ಬ್ಲಾಕ್ ಪದ್ಧತಿ ಇರ್ವಿನ್ ನಾಲೆಯ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಬಳಕೆಗೆ ಬಂದಿತು. ವೆಚ್ಚವನ್ನು ತೂಗಿ ನೋಡುವ ಸುಕ್ಕೂರಿನ ಜಾಣ್ಮೆ, ವಿರೋಧವನ್ನು ಅಂಕಿಗಳಿಂದ ಎದುರಿಸುವ ಪುಣೆಯ ತಾಳ್ಮೆ, ಹಿಡಿದದ್ದನ್ನು ಮುಗಿಸುವ ಪಾಂಝರಾ ದಡದ ಛಲ ಇವೆಲ್ಲವೂ ಅಲ್ಲಿ ಕೂಡಿಬಂದುವು. 1912ರಲ್ಲಿ ದಿವಾನ ಪದವಿ, 1915ರಲ್ಲಿ ಸರ್ ಪದವಿ, 1955ರಲ್ಲಿ ಭಾರತರತ್ನ ಅವರನ್ನು ಅರಸಿಕೊಂಡು ಬಂದುವು. 1962ರ ಏಪ್ರಿಲಿನಲ್ಲಿ ಅವರು ತುಂಬು ಬಾಳನ್ನು ಪೂರೈಸಿ ಕಾಲವಶರಾದರು. ಅವರು ಹುಟ್ಟಿದ ಸೆಪ್ಟೆಂಬರ್ 15ನೆಯ ದಿನವನ್ನು ದೇಶವು ಇಂಜಿನಿಯರುಗಳ ದಿನವೆಂದು ಆಚರಿಸುತ್ತಿದೆ.

ಕನ್ನಂಬಾಡಿಯನ್ನು ದಾಟಿ ಬರುವ ಕಾವೇರಿ ನಮ್ಮ ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡುತ್ತಾಳೆ. ಅದೇ ಜಲಾಶಯದಿಂದ ಹೊರಟ ವರುಣಾ ನಾಲೆ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಹೊಲಗಳವರೆಗೂ ಬಂದಿದೆ. ಈ ನೀರನ್ನು ಕಾಣುವ ನಮ್ಮ ಯುವಕರಲ್ಲಿ ಅನೇಕರು ಇಂದು ಇಂಜಿನಿಯರಿಂಗ್ ಓದುತ್ತಿದ್ದಾರೆ. ಮೊದಲ ಉದ್ಯೋಗ ಸಣ್ಣದೆಂದು ಅವರು ಮನಸ್ಸನ್ನು ಕುಗ್ಗಿಸಿಕೊಳ್ಳದಿರಲಿ. ಯಾವುದೋ ಹಳ್ಳದ ತಳದಲ್ಲಿ ಹುದುಗಿಸಿದ ಕೊಳವೆಯಿಂದ ಆರಂಭವಾದ ಜೀವನವೇ ಕಾವೇರಿಯನ್ನು ತಡೆದು ನಿಲ್ಲಿಸುವವರೆಗೆ ಬೆಳೆಯಿತು. ಕೊಟ್ಟ ಕೆಲಸವನ್ನು ಅಳೆದು, ತೂಗಿ, ಪ್ರಾಮಾಣಿಕವಾಗಿ ಮುಗಿಸುವವನಿಗೆ ದೊಡ್ಡ ಕೆಲಸ ತಾನಾಗಿಯೇ ಒದಗಿ ಬರುವುದೆಂಬ ನಂಬಿಕೆಗೆ ಅವರ ಆರಂಭದ ಇಪ್ಪತ್ತನಾಲ್ಕು ವರ್ಷಗಳೇ ಆಧಾರ.